ಮುಟ್ಟದ ತಟ್ಟೆ

ಅವನು ತಟ್ಟೆ ಮುಟ್ಟಲಿಲ್ಲ!

ಉಮಾಮಹೇಶ್ವರಿ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ನೋಡುತ್ತಿದ್ದಳು. ಹುಡುಗಿ ನೋಡುವ ಶಾಸ್ತ್ರದಲ್ಲಿ ತಲೆ ತಗ್ಗಿಸಿದವರಿಗೆ ಕಾಣುವಷ್ಟು ತಲೆಯೆತ್ತಿ ಕೂತವರಿಗೆ ಕಾಣುವುದಿಲ್ಲ. ಅವಳೇ ಕೈಯಾರೆ ಮಾಡಿದ ಉಪ್ಪಿಟ್ಟು, ಪಕ್ಕದಲ್ಲಿ ತುಪ್ಪ ಒಸರುವ ಕೇಸರಿಬಾತು. ಎಲ್ಲರ ತಟ್ಟೆಗಳೂ ಬರಿದಾಗುತ್ತಿದ್ದವು. ಗುರುಶಾಂತನ ತಟ್ಟೆ ಮಾತ್ರ ಹಬೆಯಾಡುತ್ತ ಹಾಗೇ ಇತ್ತು.

“ತಗೊಳಿ ಸ್ವಾಮಿ, ಆರೋಗ್ತದೆ,” ಎಂದರು ಅವಳ ತಂದೆ ಪರಮಶಿವಯ್ಯ. ಗುಬ್ಬಿಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟವರು. ಉಪಚಾರದಲ್ಲಿ ಒಂದು ಕೈ ಮೇಲೆಯೇ.

“ಬೇಡಿ... ಪರ್ವಾಗಿಲ್ಲ.”

“ಕಾಫಿನಾದ್ರೂ?”

“ಅದೂ ಬೇಡಿ.”

ಅವನ ಕೈ ಒಮ್ಮೆ ಎದೆಯ ಹತ್ತಿರ ಹೋಗಿ, ಷರ್ಟಿನ ಗುಂಡಿ ಸವರಿ ಕೆಳಗಿಳಿಯಿತು. ಅವನು ತಂದೆಯ ಮುಖ ನೋಡಿದ. ತಂದೆ ಅಡವಿಯಪ್ಪನವರು ಎರಡನೇ ಸಲ ಕೇಸರಿಬಾತು ಹಾಕಿಸಿಕೊಳ್ಳುವುದರಲ್ಲಿ ಮುಳುಗಿದ್ದರು. ಕುಣಿಗಲ್ ಕಡೆಯ ದೊಡ್ಡ ಒಕ್ಕಲು, ಒಂದು ಮಾತಾಡಿದರೆ ಮನೆಯಲ್ಲಿ ಎರಡನೆಯ ಮಾತು ಹುಟ್ಟುತ್ತಿರಲಿಲ್ಲ. ಬಾಗಿಲಲ್ಲೇ ಪರಮಶಿವಯ್ಯನವರು, “ಎಲ್ರುದೂ ಶಿವಪೂಜೆ ಆಗಿದ್ಯಾ? ಇಲ್ದಿದ್ರೆ ಮಣೆ ಹಾಕುಸ್ತೀನಿ,” ಎಂದು ವಿಚಾರಿಸಿದಾಗ, “ಎಲ್ಲಾ ಮುಗುಸ್ಕೊಂಡೇ ಹೊರಟಿದ್ದು ಕಣ್ರಪ್ಪಾ, ನೀವು ತಿಂಡಿ ತರ್ಸಿ!” ಎಂದು ನಗೆಯಾಡಿ ಒಳಗೆ ಬಂದಿದ್ದವರು ಅವರೇ.

ಆಗಲೇ ಹುಡುಗನ ಸೋದರತ್ತೆ ಶಿವರುದ್ರಮ್ಮ ಉಮಾಳನ್ನು ಮೇಲಿಂದ ಕೆಳಗೆ ಅಳೆದು ನೋಡಿದಳು.

“ಹುಡ್ಗಿ ಮೈಕೈ ತುಂಬ್ಕೊಂಡು ಲಕ್ಷಣವಾಗವ್ಳೆ. ನಮ್ಮನೆ ಬಾಗ್ಲು ಒಂಚೂರು ಅಗಲ ಮಾಡ್ಸಬೇಕಾಗ್ತದೆ, ಅಷ್ಟೇಯ!”

ಎಲ್ಲರೂ ನಕ್ಕರು. ಉಮಾಳ ತಾಯಿ ಶಕುಂತಲಮ್ಮನವರೂ ಪಾಪ, ನಗಬೇಕಾಯಿತು.

ಗುರುಶಾಂತ ಮಾತ್ರ ನಗಲಿಲ್ಲ. ಸರ್ರನೆ ತಲೆಯೆತ್ತಿ ಉಮಾಳತ್ತ ನೋಡಿದ. ಅವಳೂ ಅದೇ ಕ್ಷಣ ನೋಡಿಬಿಟ್ಟಳು. ನಿದ್ದೆಗೆಟ್ಟು ಕೆಂಪಾದ ಕಣ್ಣುಗಳು... ಆದರೆ ಎಂಥ ಮೃದುವಾದ ಕಣ್ಣುಗಳು! ಅವಳ ಎದೆ ಝಲ್ಲೆಂದಿತು.

ಇಪ್ಪತ್ತಮೂರು ವರ್ಷ ಭದ್ರವಾಗಿ ಕಾಪಾಡಿಕೊಂಡ ಮನಸ್ಸು ಅಲ್ಲೇ, ಆ ಜಮಖಾನದ ಅಂಚಿನಲ್ಲೇ, ಕೈಬಿಟ್ಟು ಹೋಯಿತು. ಹೋಗುವುದಾದರೂ ಯಾರ ಕಡೆಗೆ? ಅವಳ ಕೈತಿಂಡಿಯನ್ನು ಮುಟ್ಟದವನ ಕಡೆಗೆ!

“ಹೇಳಿ ಕಳುಸ್ತೀವಿ,” ಎಂದು ಅವರು ಎದ್ದರು. ಜಟಕಾ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಉಮಾ ತಟ್ಟೆ ಎತ್ತಲು ಬಂದಳು. ಕೇಸರಿಬಾತಿನ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು.

ಹೆಣ್ಣಿನ ಮನೆಯಲ್ಲಿ ಬಾಯಿಗೆ ಸಿಹಿ ಹಾಕಿಕೊಳ್ಳದೆ ಹೋದರೆ ಏನರ್ಥ ಎಂದು ಗುಬ್ಬಿಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

‘ನಾನು ದಪ್ಪ... ಅದಕ್ಕೇ ಮುಟ್ಟಲಿಲ್ಲ. ಅತ್ತೆ ಬಾಯಿಬಿಟ್ಟು ಹೇಳಿದಳು, ಇವರು ಬಾಯಿ ಮುಚ್ಚಿಕೊಂಡು ಹೇಳಿದರು!’

ಅವಳು ಹಿತ್ತಲಿಗೆ ಹೋಗಿ, ತಟ್ಟೆಯನ್ನು ಹಸುವಿನ ಬಾನಿಗೆ ಸುರಿದು, ಬಾವಿಕಟ್ಟೆಯ ಮೇಲೆ ಕೂತು ಅತ್ತಳು.

ನಾಲ್ಕು ದಿನ ಕಳೆದ ಮೇಲೆ ಪರಮಶಿವಯ್ಯನವರು ಮಗಳ ಮುಖ ನೋಡದೆ, “ಆ ಸಂಬಂಧ ಆಗ್ಲಿಲ್ಲ ಕಣಮ್ಮಾ,” ಎಂದರು. ಯಾರು ಬೇಡವೆಂದರು ಎಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೇಳುವುದೇನಿದೆ? ತಟ್ಟೆಯೇ ಹೇಳಿತ್ತಲ್ಲ!

ಆದರೆ ವಿಧಿ ಅಷ್ಟಕ್ಕೇ ಬಿಡಲಿಲ್ಲ. ಉಮಾ ತುಮಕೂರಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ದಿನಾ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವವಳು. ಗುರುಶಾಂತನೋ, ಅದೇ ತುಮಕೂರು ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತ! ಅವನು ಇಷ್ಟು ದಿನವೂ ಅಲ್ಲೇ ಇದ್ದಿರಬೇಕು. ಆದರೆ ಈಗ ಅವಳಿಗೆ ಪ್ಲಾಟ್‌ಫಾರಮ್ಮಿನ ತುಂಬ ಅವನೇ ಕಾಣತೊಡಗಿದ. ಕಿವಿಯ ಮೇಲೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ಕೊಬ್ಬರಿ ಮೂಟೆಗಳ ನಡುವೆ ಓಡಾಡುವವನು, ಅವಳನ್ನು ಕಂಡೊಡನೆ ನಿಂತುಬಿಡುತ್ತಿದ್ದ. ಮುಖ ಬಾಡುತ್ತಿತ್ತು. ತಿರುಗಿ ಆಫೀಸಿನೊಳಗೆ ಹೋಗುತ್ತಿದ್ದ.

‘ನನ್ನ ಮುಖ ಕಂಡರೆ ಅಷ್ಟು ಅಸಹ್ಯವೇ...!’

ಆ ರಾತ್ರಿ ಅವಳು ನಿರ್ಧರಿಸಿದಳು. ಇಳಿಯಬೇಕು. ಮೈ ಇಳಿಯಬೇಕು. ಒಂದು ದಿನ ಸಣ್ಣಗೆ, ಬಳ್ಳಿಯ ಹಾಗೆ ಅವನ ಮುಂದೆ ರೈಲಿನಿಂದ ಇಳಿಯಬೇಕು. ಅವನು ಇನ್ನೊಂದು ಸಲ ನೋಡಬೇಕು. ಒಂದೇ ಒಂದು ಸಲ!

ಏನು ತಿನ್ನುವುದು ಎಂಬುದು ವಿಜ್ಞಾನದ ಮೇಡಂಗೆ ಕಷ್ಟವಾಗಬಾರದಿತ್ತು. ಪಿಷ್ಟ ಕಡಿಮೆ, ಕೊಬ್ಬು ಕಡಿಮೆ, ಸಸಾರಜನಕ ಜಾಸ್ತಿ. ಪಾಠದ ಪುಸ್ತಕದಲ್ಲಿ ಕಾಳುಗಳ ಚಿತ್ರವೇ ಇತ್ತು. ಕಷ್ಟವಿದ್ದದ್ದು ಹೊತ್ತಿನದು. ಸ್ನಾನವಾಗಬೇಕು, ಲಿಂಗಪೂಜೆಯಾಗಬೇಕು. ಪೂಜೆ ಮುಗಿಯದೆ ಆ ಮನೆಯಲ್ಲಿ ಯಾರ ಬಾಯಿಗೂ ಹನಿ ಕಾಫಿ ಹೋಗುವ ಹಾಗಿಲ್ಲ. ಪೂಜೆ ಮುಗಿಸಿ ಏಳುವ ಹೊತ್ತಿಗೆ ನಿಟ್ಟೂರು ಬಿಟ್ಟ ರೈಲಿನ ಕೂಗು ಕೇಳಿಸುತ್ತಿತ್ತು. ಅಷ್ಟರಲ್ಲಿ ತಿಂದು ಓಡುವಂಥದ್ದು ಬೇಕು.

ಮೊಳಕೆ ಹೆಸರುಕಾಳು! ಹಿಂದಿನ ದಿನ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಆಯಿತು. ಚೂರು ಉಪ್ಪು, ನಿಂಬೆರಸ. ಒಲೆ ಹಚ್ಚುವ ಗೋಜಿಲ್ಲ.

“ಕಾಯಿತುರಿ ಹಾಕ್ಲಾ?” ಎಂದು ಶಕುಂತಲಮ್ಮ ಕೇಳಿದರು.

“ಬೇಡಮ್ಮಾ. ಕಾಯಿ ಬೇಡ.”

ಹಜಾರದಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಪರಮಶಿವಯ್ಯನವರ ಕೈ ನಿಂತಿತು. “ಏನಂದ್ಳು?”

“ಕಾಯಿ ಬೇಡ್ವಂತೆ.”

“ಮಂಡಿ ಪರಮಶಿವಯ್ಯನ ಮಗ್ಳಿಗೆ ಕಾಯಿ ಬೇಡ್ವಂತಾ?”

ಅವರಿಗೆ ನಿಜವಾಗಿ ನೋವಾಯಿತು. ಅಜ್ಜಿ ಹೊಂಬಾಳಮ್ಮನಿಗಂತೂ ಸಿಟ್ಟೇ ಬಂತು. “ಹಸಿಕಾಳು ಕುದ್ರೆ ತಿಂತಾವೆ ಕಣಮ್ಮಿ! ಒಂದು ರಾಗಿರೊಟ್ಟಿ, ಒಂದುಂಡೆ ಬೆಣ್ಣೆ ಬಾಯ್ಗಾಕ್ಕೊಂಡು ಹೋಗು ಅತ್ತಗೆ!”

ಬೆಣ್ಣೆಯ ಹೆಸರು ಕೇಳಿದರೇ ಬಾಯಲ್ಲಿ ನೀರೂರುತ್ತಿತ್ತು. ಉಮಾ ಕಾಳನ್ನು ಗಬಗಬನೆ ಅಗಿದು ಚೀಲ ಹಿಡಿದು ಓಡುತ್ತಿದ್ದಳು.

ಹಾಗೇ ತಿಂದುಕೊಂಡಿದ್ದರೆ ಚಿಂತೆಯಿರಲಿಲ್ಲ. ಬೆಳಿಗ್ಗೆ ಕಾಳು, ಮಧ್ಯಾಹ್ನ ಮೊಸರನ್ನ, ಮೈಗೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಆದರೆ ಪ್ರೀತಿಯಲ್ಲಿ ಬಿದ್ದವರಿಗೆ ನಿಧಾನ ಎಲ್ಲಿಂದ ಬರಬೇಕು? ಮೂಳೆಯೇ ದಪ್ಪ ಇರುವ ಹುಡುಗಿ. ಕನ್ನಡಿ ನೋಡಿದರೆ ಅದೇ ಗುಂಡು ಮುಖ. ಕಾಳು ಅರ್ಧವಾಯಿತು. ಆಮೇಲೆ ಕಾಳು ಹೋಗಿ ಒಂದು ಲೋಟ ಹುರುಳಿಕಟ್ಟು ಬಂತು. ಅದೂ ಹೆಚ್ಚೆನಿಸಿ, ಕೊನೆಗೆ ಅಮ್ಮನ ಕಣ್ಣಿಗೆ ಮಾತ್ರ ಮತ್ತೆ ಕಾಳಿನ ಗಂಟು ಬಿಚ್ಚಿ, ತಿಂದ ಹಾಗೆ ಮಾಡಿ, ಅದನ್ನು ಹಿತ್ತಲ ಗುಬ್ಬಚ್ಚಿಗಳಿಗೆ ಚೆಲ್ಲಿ, “ತಿಂದೆ ಅಮ್ಮಾ!” ಎಂದು ಸುಳ್ಳು ಹೇಳಿ ಹೊರಡತೊಡಗಿದಳು.

ಕ್ಲಾಸಿನಲ್ಲಿ ಕಪ್ಪುಹಲಗೆಯ ಮೇಲೆ ‘ಸಸಾರಜನಕ’ ಎಂದು ಬರೆಯುವಾಗ ಅಕ್ಷರಗಳು ಕಣ್ಣ ಮುಂದೆ ತೇಲುತ್ತಿದ್ದವು. ಅವಳು ಮೇಜು ಹಿಡಿದು ನಿಲ್ಲುತ್ತಿದ್ದಳು.

ಬಳೆ ಸಡಿಲವಾದವು. ಕಣ್ಣ ಕೆಳಗೆ ಕಪ್ಪಾಯಿತು. ಅವನು ಮಾತ್ರ ಅವಳನ್ನು ಕಂಡರೆ ಮೊದಲಿನ ಹಾಗೇ ಒಳಗೆ ಹೋಗುತ್ತಿದ್ದ.

‘ಇನ್ನೂ ಸಾಲದು... ಇನ್ನೂ ಇಳಿಯಬೇಕು!’

ಅಷ್ಟರಲ್ಲಿ ಚೇಳೂರಿನ ಸಂಬಂಧ ಬಂತು. ಗಂಡು ಕೊಬ್ಬರಿ ವ್ಯಾಪಾರಿ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ವಯಸ್ಸು ಪರಮಶಿವಯ್ಯನವರಿಗಿಂತ ಸ್ವಲ್ಪವೇ ಕಡಿಮೆ.

“ಒಳ್ಳೆ ಮನುಷ್ಯ ಕಣಮ್ಮಾ,” ಎಂದರು ಪರಮಶಿವಯ್ಯ. ಧ್ವನಿಯಲ್ಲಿ ಜೀವವಿರಲಿಲ್ಲ. “ನಮ್ಮ ಹುಡ್ಗಿನ ಯಾರೂ ಇನ್ನೊಂದ್ಸಲ ಹಾಗೆ... ತಟ್ಟೆ ಮುಂದೆ ಕೂತ್ಕೊಂಡು ಅವಮಾನ ಮಾಡೋದು ಬೇಡ. ಇವ್ರು ಫೋಟೋನೂ ಕೇಳ್ಲಿಲ್ಲ. ಭಾನುವಾರ ಬರ್ತಾರೆ, ಬಂದು ತಾಂಬೂಲ ಬದಲಾಯ್ಸೋದೇ.”

ಉಮಾ ಬೇಡವೆನ್ನಲಿಲ್ಲ. ಯಾರನ್ನು ನೆಚ್ಚಿಕೊಂಡು ಬೇಡವೆನ್ನುವುದು? ಭಾನುವಾರ ತಾಂಬೂಲ. ಅದಕ್ಕೂ ಮುಂಚೆ ಗುರುಶಾಂತ ಅವಳನ್ನು ನೋಡಿದರೆ ಉಂಟು, ಇಲ್ಲದಿದ್ದರೆ ಜನ್ಮಕ್ಕೆ ಇಲ್ಲ.

ಅವಳು ನೀರನ್ನೂ ಕಡಿಮೆ ಮಾಡಿದಳು.

ಶನಿವಾರ ಬೆಳಗಿನ ಸ್ಕೂಲು. ರೈಲಿನಿಂದ ಇಳಿದಾಗ ಪ್ಲಾಟ್‌ಫಾರಮ್ಮಿನಲ್ಲಿ ಅವನು ಕಾಣಲಿಲ್ಲ. ಪಾರ್ಸೆಲ್ ಆಫೀಸಿನ ಮುಂದೆ ಮೂಟೆ ತೂಗುವ ದೊಡ್ಡ ತಕ್ಕಡಿ ಖಾಲಿ ಇತ್ತು. ಪೋರ್ಟರ್ ಕದರಯ್ಯ ಅದರ ಪಕ್ಕ ಕೂತು ಬೀಡಿ ಹಚ್ಚುತ್ತಿದ್ದ.

ಉಮಾ ಅತ್ತಿತ್ತ ನೋಡಿದಳು. ಏನಾಗಿತ್ತೋ ಅವಳಿಗೆ, ಮೆಲ್ಲನೆ ಕೇಳಿಯೇಬಿಟ್ಟಳು.

“ಕದರಯ್ಯಾ... ಇದ್ರಲ್ಲಿ ಮನುಷ್ಯರನ್ನ ತೂಗಬೋದಾ?”

ಕದರಯ್ಯ ಬೀಡಿ ಬಿಸಾಡಿ ಎದ್ದ. “ಓಹೋ, ಅದಕ್ಕೇನ್ ತಾಯಿ! ಕೊಬ್ರಿಗೆ ಬಾಯಿಲ್ಲ, ನಿಮ್ಗೆ ಬಾಯೈತೆ, ಅಷ್ಟೇ ವ್ಯತ್ಯಾಸ. ಅತ್ತಿ ನಿಂತ್ಕಳಿ.”

ಅವಳು ಸೆರಗು ಬಿಗಿಮಾಡಿಕೊಂಡು ಹಲಗೆ ಹತ್ತಿದಳು. ಕದರಯ್ಯ ದಂಡಿಗೆಯ ಮೇಲೆ ಗುಂಡು ಸರಿಸತೊಡಗಿದ. ಹಿಂದಕ್ಕೆ... ಮುಂದಕ್ಕೆ... ಅವಳ ಪ್ರಾಣವೇ ಆ ಗುಂಡಿನಲ್ಲಿತ್ತು.

ಆಫೀಸಿನ ಬಾಗಿಲು ತೆರೆಯಿತು. ರಾತ್ರಿ ಪಾಳಿ ಮುಗಿಸಿದ ಗುರುಶಾಂತ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ!

ಇಬ್ಬರೂ ಕಲ್ಲಾದರು.

ಕೊಬ್ಬರಿ ಮೂಟೆಗಳ ನಡುವೆ, ಮೂಟೆ ತೂಗುವ ತಕ್ಕಡಿಯ ಮೇಲೆ, ಅವಳು! ನೋಡಬೇಕು, ಅವನು ನನ್ನನ್ನು ನೋಡಬೇಕು ಎಂದು ಅಷ್ಟು ದಿನ ಹಸಿದವಳಿಗೆ ಸಿಕ್ಕ ನೋಟ ಇದು!

“ಇಳೀರಿ,” ಎಂದ ಗುರುಶಾಂತ. “ದಯವಿಟ್ಟು... ಅದ್ರಿಂದ ಇಳೀರಿ.”

ಇಳಿಯಲು ಕಾಲೆತ್ತಿದಳು. ಪ್ಲಾಟ್‌ಫಾರಮ್ಮು ಗಿರ್ರನೆ ತಿರುಗಿತು. ಕಣ್ಣು ಕತ್ತಲಾಯಿತು.

ಎಚ್ಚರವಾದಾಗ ಅವಳು ಮೂಟೆಗೆ ಒರಗಿ ಕೂತಿದ್ದಳು. ಕದರಯ್ಯ ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದ. ಗುರುಶಾಂತ ಎದುರಿಗೆ ಮೊಣಕಾಲೂರಿ, ನೀರಿನ ಲೋಟ ಹಿಡಿದಿದ್ದ.

“ಬೆಳಿಗ್ಗೆ ಏನ್ ತಿಂದ್ರಿ?”

ಅವಳು ಮುಖ ಆಚೆ ತಿರುಗಿಸಿದಳು.

“ಉಮಾ ಅವ್ರೇ, ಕೇಳ್ತಿದೀನಿ. ಏನ್ ತಿಂದು ಬಂದ್ರಿ?”

ಅವನ ಬಾಯಲ್ಲಿ ತನ್ನ ಹೆಸರು! ಅದೇ ಅವಳಿಗೆ ತಡೆಯಲಾಗಲಿಲ್ಲ. ಒಳಗೆ ಕಟ್ಟಿಟ್ಟುಕೊಂಡದ್ದೆಲ್ಲ ಒಡೆದು ಬಂತು.

“ನೀವು ತಿಂದ್ರಾ?”

“ಏನು...?”

“ಅವತ್ತು... ನಮ್ಮನೇಲಿ... ನೀವೇನ್ ತಿಂದ್ರಿ?” ಅವಳ ತುಟಿ ಅದುರಿತು. “ದಪ್ಪ ಹುಡುಗಿ ಮಾಡಿದ್ ತಿಂಡಿ ನಿಮ್ಮ ಗಂಟ್ಲಲ್ಲಿ ಇಳೀಲಿಲ್ಲ. ಅವತ್ತಿಂದ ನನ್ನ ಗಂಟ್ಲಲ್ಲೂ ಏನೂ ಇಳೀತಿಲ್ಲ!”

ಗುರುಶಾಂತನ ಮುಖ ಬಿಳಿಚಿತು. ಬಾಯಿ ತೆರೆದ. ಅವನ ಕೈ ಮತ್ತೆ ಎದೆಯ ಹತ್ತಿರ ಹೋಗಿ, ಅಲ್ಲೇ ಷರ್ಟನ್ನು ಮುಷ್ಟಿಯಲ್ಲಿ ಹಿಡಿದು ನಿಂತಿತು.

ಅವನ ಮೌನವನ್ನು ಅವಳು ಒಪ್ಪಿಗೆ ಎಂದುಕೊಂಡಳು. ಗೋಡೆ ಹಿಡಿದು ಎದ್ದಳು.

“ನಾಳೆ ಚೇಳೂರಿನವ್ರು ಬರ್ತಿದಾರೆ. ತಾಂಬೂಲಕ್ಕೆ. ಅವ್ರು ತಟ್ಟೆ ಖಾಲಿ ಮಾಡ್ತಾರಂತೆ... ಇನ್ಮೇಲೆ ನಾನು ನಿಮ್ಮ ಕಣ್ಣಿಗೆ ಬೀಳಲ್ಲ, ಬಿಡಿ.”

“ಉಮಾ ಅವ್ರೇ! ಒಂದ್ನಿಮಿಷ...”

ಅವಳು ನಿಲ್ಲಲಿಲ್ಲ. ಕದರಯ್ಯ ಕರೆದ ಜಟಕಾ ಹತ್ತಿದಳು. ಹಿಂದಿರುಗಿ ನೋಡಿದ್ದರೆ, ಆ ಗುಮಾಸ್ತ ಬರಿಗಾಲಲ್ಲಿ ಸ್ಟೇಷನ್ನಿನ ಗೇಟಿನವರೆಗೆ ಓಡಿಬಂದದ್ದು ಕಾಣುತ್ತಿತ್ತು. ನೋಡಲಿಲ್ಲ. ಬೇಕಾದಾಗ ನೋಡದಿರುವುದೇ ಈ ಪ್ರೇಮಿಗಳ ಹಣೆಬರಹ!

ಭಾನುವಾರ ಬೆಳಿಗ್ಗೆ ಮನೆಯೆಲ್ಲ ಸಾರಿಸಿ ಗುಡಿಸಿ ಸಡಗರ. ಶಕುಂತಲಮ್ಮ ರವೆ ಹುರಿಯುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಹೊಗೆ ಎಂದರು.

ಉಮಾ ಪೂಜೆ ಮುಗಿಸಿ ರೇಷ್ಮೆ ಸೀರೆ ಉಟ್ಟು ಕೋಣೆಯಲ್ಲಿ ಕೂತಿದ್ದಳು. ರವಿಕೆ ಸಡಿಲವಾಗಿ ಭುಜದಿಂದ ಜಾರುತ್ತಿತ್ತು. ಅವಳು ಬಯಸಿದಷ್ಟು ಅಲ್ಲದಿದ್ದರೂ ಮೈ ಇಳಿದಿತ್ತು. ಯಾರಿಗಾಗಿ ಇಳಿಯಿತೋ ಅವನಿಗೆ ಬೇಡ. ಯಾರು ಬರುತ್ತಿದ್ದಾರೋ ಅವರಿಗೆ ದಪ್ಪಗಿದ್ದರೂ ಒಂದೇ, ಸಣ್ಣಗಿದ್ದರೂ ಒಂದೇ.

‘ಶಿವನೇ, ನನ್ನನ್ನು ಇವತ್ತೇ ಕರೆದುಕೊಂಡುಬಿಡು...’

ಹೊರಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದು.

“ಇಷ್ಟು ಬೇಗ ಬಂದ್ರಾ?” ಎಂದು ಪರಮಶಿವಯ್ಯ ಎದ್ದರು. ಬಾಗಿಲಲ್ಲಿ ನಿಂತವನನ್ನು ಕಂಡು ಅವರ ಮುಖ ಗಂಟಿಕ್ಕಿತು. “ನೀವಾ? ನೀವ್ಯಾಕೆ ಬಂದ್ರಿ?”

“ಒಬ್ನೇ ಬಂದಿದೀನಿ. ನಮ್ಮಪ್ಪಂಗೆ ಹೇಳಿಲ್ಲ.” ಅದು ಗುರುಶಾಂತನ ದನಿ!

ಉಮಾಳ ಉಸಿರು ನಿಂತಿತು.

“ಇವತ್ತು ನಮ್ಮನೇಲಿ ಕೆಲ್ಸ ಇದೆ,” ಎಂದರು ಪರಮಶಿವಯ್ಯ.

“ಗೊತ್ತು. ಒಂದು ಮಾತು ಕೇಳಿ ಹೋಗ್ತೀನಿ.” ಗುರುಶಾಂತ ಕೈ ಮುಗಿದ. “ಸ್ನಾನ ಆಗಿದೆ. ಆದ್ರೆ ನನ್ನ ಶಿವಪೂಜೆ ಇನ್ನೂ ಆಗಿಲ್ಲ. ನಿಮ್ಮನೇಲಿ ಮಾಡ್ಕೋಬೋದಾ?”

ಪೂಜೆಗೆ ಜಾಗ ಕೇಳಿದವನನ್ನು ಬಾಗಿಲಿಂದ ಕಳಿಸಲು ಆ ಮನೆಯವರಿಗೆ ಬರುವುದಿಲ್ಲ. ಕೋಪ ಎಷ್ಟೇ ಇರಲಿ.

“ಉಮಾ, ಮಣೆ ಹಾಕಮ್ಮಿ,” ಎಂದಳು ಮೂಲೆಯಲ್ಲಿದ್ದ ಹೊಂಬಾಳಮ್ಮ.

ಉಮಾ ಮಣೆ ತಂದು ಹಾಕಿದಳು. ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ವಿಭೂತಿ, ಬಿಲ್ವಪತ್ರೆ. ಗುರುಶಾಂತ ಕೂತು, ಷರ್ಟಿನ ಗುಂಡಿ ಬಿಚ್ಚಿ, ಎದೆಯ ಮೇಲೆ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯನ್ನು ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡ.

ಎದೆಯ ಮೇಲೆ... ಷರ್ಟಿನ ಗುಂಡಿಯ ಹಿಂದೆ...

ಚೊಂಬು ಇಡುತ್ತಿದ್ದ ಅವಳ ಕೈ ತಡೆಯಿತು. ಅವತ್ತೂ ಅವನ ಕೈ ಅಲ್ಲಿಗೇ ಹೋಗಿತ್ತು! ಕೆಂಪು ಕಣ್ಣು... ನಿದ್ದೆಗೆಟ್ಟ ಕಣ್ಣು... ರಾತ್ರಿ ಪಾಳಿ!

‘ಅವತ್ತು... ಅವತ್ತೂ ಇವರ ಪೂಜೆ ಆಗಿರಲಿಲ್ಲವೇ?!’

ಅವನು ಕಣ್ಣು ಮುಚ್ಚಿ ಪೂಜೆ ಮುಗಿಸುವವರೆಗೆ ಅವಳು ಕಂಬ ಹಿಡಿದು ನಿಂತಿದ್ದಳು. ಹೊರಗೆ ಯಾವ ಗಾಡಿ ಸದ್ದಾದರೂ ಚೇಳೂರಿನವರೇ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಹಣೆಯ ತುಂಬ ವಿಭೂತಿಯೊಂದಿಗೆ ಗುರುಶಾಂತ ಎದ್ದ.

“ಅವತ್ತೇ ಈ ಮಾತು ಕೇಳ್ಬೇಕಾಗಿತ್ತು. ಕೇಳ್ಲಿಲ್ಲ. ರಾತ್ರಿ ಡ್ಯೂಟಿ ಮುಗ್ಸಿ ಹಾಗೇ ಓಡಿ ರೈಲು ಹತ್ತಿದ್ದೆ. ನಮ್ಮಪ್ಪ ಕುಣಿಗಲ್ಲಿಂದ ಬಂದವ್ರು, ಅವ್ರಿಗೆ ಗೊತ್ತಿರ್ಲಿಲ್ಲ. ಎಲ್ರುದೂ ಆಗಿದೆ ಅಂದ್ಬಿಟ್ರು. ಇಷ್ಟು ಜನ ಹಿರೀಕರ ಮುಂದೆ ಅಪ್ಪನ ಮಾತು ಸುಳ್ಳು ಅಂತ ಹೇಗೆ ಹೇಳ್ಲಿ? ಪೂಜೆ ಆಗ್ದೆ ಹೇಗೆ ತಿನ್ಲಿ? ಸುಮ್ನೆ ಕೂತೆ. ಆಮೇಲೆ ನೀವೇ ಸಂಬಂಧ ಬೇಡ ಅಂತ ಹೇಳಿ ಕಳಿಸಿದ್ರಿ. ಮೇಡಂಗೆ ಈ ಮೂಟೆ ತೂಗೋ ಗುಮಾಸ್ತ ಹಿಡಿಸ್ಲಿಲ್ಲ ಅಂದ್ಕೊಂಡೆ. ಅವ್ರು ರೈಲು ಇಳ್ದಾಗೆಲ್ಲ ಮುಖ ತೋರ್ಸೋಕೆ ಆಗ್ದೆ ಒಳಗೆ ಹೋಗ್ತಿದ್ದೆ.”

“ಅಪ್ಪಾಜಿ!” ಉಮಾ ಚೀರಿದಳು. “ಬೇಡ ಅಂದಿದ್ದು... ನೀವಾ?”

ಪರಮಶಿವಯ್ಯನವರು ಕುಸಿದ ಹಾಗೆ ಕುರ್ಚಿಯಲ್ಲಿ ಕೂತರು.

“ಬಾವಿಕಟ್ಟೆ ಮೇಲೆ ಅಳ್ತಿದ್ಯಲ್ಲ, ನೋಡ್ದೆ. ಅವ್ರು ಬೇಡ ಅನ್ನೋಕೆ ಮುಂಚೆ ನಾನೇ ಅಂದ್ಬಿಟ್ರೆ ನಿಂಗೆ ಅವಮಾನ ತಪ್ಪುತ್ತೆ ಅಂದ್ಕೊಂಡೆ ಕಣಮ್ಮಾ...” ಅವರ ದನಿ ಒಡೆಯಿತು. “ಪೂಜೆ ಆಗಿದ್ಯಾ ಅಂತ ಹುಡುಗನ್ನೇ ಒಂದ್ಮಾತು ಕೇಳಿದ್ರೆ ಆಗ್ತಿತ್ತು.”

“ಗಂಡಸ್ರು ಗಂಡಸ್ರೇ ಮಾತಾಡ್ಕೊಂಡ್ರೆ ಇಂಗೇ ಆಗೋದು!” ಎಂದು ಹೊಂಬಾಳಮ್ಮ ಕೋಲು ಕುಟ್ಟಿದಳು. “ಏ ಪರಮಶಿವಾ, ಚೇಳೂರಿನವ್ರು ಬಂದ್ರೆ ಉಪ್ಪಿಟ್ಟು ಕೊಟ್ಟು ಕೈ ಮುಗ್ದು ಕಳ್ಸು. ಉಪ್ಪಿಟ್ಟು ಐತೆ, ಹುಡ್ಗಿ ಇಲ್ಲ ಅನ್ನು.”

“ಅಮ್ಮಾ, ಮಾತು ಕೊಟ್ಟಿದೀನಿ...”

“ತಾಂಬೂಲ ಕೊಟ್ಟಿದ್ಯಾ?”

“ಇಲ್ಲ.”

“ಮತ್ತೆ? ಆ ಹುಡುಗ್ನ ಹೊಟ್ಟೆ ಹಸ್ದೈತೆ. ಮೊದ್ಲು ತಟ್ಟೆ ಹಾಕ್ಸು.”

ಶಕುಂತಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಟ್ಟೆ ತಂದರು. ಉಪ್ಪಿಟ್ಟು, ಕೇಸರಿಬಾತು. ಗುರುಶಾಂತ ತಟ್ಟೆ ನೋಡಿದ, ಆಮೇಲೆ ಅಡುಗೆಮನೆಯ ಬಾಗಿಲಲ್ಲಿದ್ದ ಉಮಾಳನ್ನು ನೋಡಿದ.

“ಇದನ್ನೂ ತಿಂತೀನಿ. ಆದ್ರೆ... ಅವ್ರು ದಿನಾ ಬೆಳಿಗ್ಗೆ ಏನ್ ತಿಂತಾರೋ ಅದು ಬೇಕು.”

ಉಮಾ ಅಳುತ್ತಲೇ ಬಟ್ಟೆಯ ಗಂಟು ಬಿಚ್ಚಿದಳು. ಗುಬ್ಬಚ್ಚಿಗಳಿಗೆಂದು ಉಳಿದಿದ್ದ ಮೊಳಕೆ ಹೆಸರುಕಾಳು. ಉಪ್ಪು ಹಾಕಿ, ನಿಂಬೆಹಣ್ಣು ಹಿಂಡಿ, ಬಟ್ಟಲನ್ನು ಅವನ ಮುಂದೆ ಇಟ್ಟಳು. ಅವನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. ಅವಳ ಕೈತುತ್ತು ಅವನ ಗಂಟಲಲ್ಲಿ ಇಳಿಯುವುದನ್ನು ಅವಳು ಕಣ್ಣಾರೆ ನೋಡಿದಳು. ಎಷ್ಟು ದಿನದ ಹಸಿವು ಆ ಒಂದು ನೋಟಕ್ಕೆ ಇಂಗಿತು!

“ಚೆನ್ನಾಗಿದೆ,” ಎಂದ. “ಆದ್ರೆ ಇಷ್ಟೇ ತಿಂದ್ರೆ ನಾನೂ ತಕ್ಕಡಿ ಮೇಲಿಂದ ಬೀಳ್ತೀನಿ.”

ಹೊಂಬಾಳಮ್ಮ ಸೊಸೆಯನ್ನೂ ಮಗನನ್ನೂ ಕಣ್ಸನ್ನೆಯಲ್ಲೇ ಹಿತ್ತಲಿಗೆ ಅಟ್ಟಿದಳು. ತಾನು ಮಾತ್ರ ಕಿವುಡಿಯ ಹಾಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಅಜ್ಜಿಯ ಕಿವಿ ಹಾವಿನ ಕಿವಿ ಎಂದು ಉಮಾಳಿಗೆ ಗೊತ್ತಿತ್ತು. ಆದರೂ ಕೇಳದಿರಲು ಆಗಲಿಲ್ಲ.

“ಒಂದು ನಿಜ ಹೇಳ್ತೀರಾ?”

“ಕೇಳಿ.”

“ನಾನು ದಪ್ಪ ಅಂತ... ನಿಮ್ಗೆ ಅನ್ನಿಸ್ಲೇ ಇಲ್ವಾ?”

ಗುರುಶಾಂತ ಬಟ್ಟಲು ಕೆಳಗಿಟ್ಟ. “ಅನ್ನಿಸ್ತು. ಕಣ್ಣಿಲ್ವಾ ನನಗೆ? ದಪ್ಪ ಇದಾರೆ ಅನ್ನಿಸ್ತು. ನಮ್ಮತ್ತೆ ಹಾಗಂದಾಗ ಈ ಹುಡುಗಿ ಕಣ್ಣಲ್ಲಿ ನೀರು ಬರಬಾರ್ದು ಅಂತ್ಲೂ ಅನ್ನಿಸ್ತು. ಎರಡನೇದೇ ಮನಸ್ಸಲ್ಲಿ ಉಳ್ಕೊಂಡಿದ್ದು.”

ಅವಳ ಕಣ್ಣು ತುಂಬಿ ಅವನು ಮಸುಕಾದ.

“ಮೈ ಇಳಿಸ್ಬೇಕು ಅಂತ ನಿಮ್ಗೆ ಇದ್ರೆ ಇಳಿಸಿ. ನನಗೋಸ್ಕರ ಒಂದು ಕಾಳೂ ಬಿಡ್ಬೇಡಿ. ನಿನ್ನೆ ನೀವು ಕಣ್ಣು ಬಿಡೋವರೆಗೂ... ಉಮಾ, ನನ್ನ ಜೀವ ನನ್ನಲ್ಲಿರ್ಲಿಲ್ಲ.”

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಳ್ಳುತ್ತ, “ಹೊತ್ತೇ ಇರಲ್ಲ ಬೆಳಿಗ್ಗೆ. ಪೂಜೆ ಮುಗ್ಸಿ ಏಳೋಷ್ಟರಲ್ಲಿ ರೈಲು ಬಂದಿರುತ್ತೆ,” ಎಂದಳು.

“ಇನ್ಮೇಲೆ ಆ ಅವಸರ ಇಲ್ಲ. ನನ್ನ ಕ್ವಾರ್ಟರ್ಸು ತುಮಕೂರು ಸ್ಟೇಷನ್ ಹಿಂದೇನೇ. ನಿಮ್ಮ ಸ್ಕೂಲಿಗೆ ನಡ್ಕೊಂಡೇ ಹೋಗ್ಬೋದು. ಇಬ್ರೂ ಪೂಜೆ ಮುಗ್ಸಿ, ಎದುರುಬದುರು ಕೂತು, ನಿಧಾನವಾಗಿ ತಿನ್ನೋಣ. ಕಾಳು ನಾನು ನೆನೆಹಾಕ್ತೀನಿ.”

“ನಿಮ್ಗೆ ಮೊಳಕೆ ಕಟ್ಟೋಕೆ ಬರುತ್ತಾ?”

“ಇಷ್ಟು ಮೂಟೆ ಕಟ್ಟಿದೀನಿ, ಒಂದು ಹಿಡಿ ಕಾಳು ಕಟ್ಟೋಕೆ ಬರಲ್ವಾ?”

ಎಷ್ಟೋ ದಿನಗಳ ಮೇಲೆ ಉಮಾ ನಕ್ಕಳು. ನಕ್ಕಾಗ ಕೆನ್ನೆ ತುಂಬಿಕೊಂಡಿತು.

ಗುರುಶಾಂತ ತನ್ನ ಬಟ್ಟಲನ್ನು ಮೆಲ್ಲನೆ ಅವಳತ್ತ ಸರಿಸಿದ. “ತಿನ್ನಿ.”

ಉಮಾ ಬೆರಳಲ್ಲಿ ನಾಲ್ಕು ಕಾಳು ತೆಗೆದುಕೊಂಡಳು. ಆಮೇಲೆ ಏನೋ ನೆನೆದು, ಹಿತ್ತಲ ಬಾಗಿಲ ಮರೆಯಲ್ಲಿ ನಿಂತಿದ್ದ ಬಿಳಿ ಪಂಚೆಯ ಅಂಚನ್ನು ನೋಡಿ, ಗಟ್ಟಿಯಾಗಿ ಕೂಗಿದಳು.

“ಅಪ್ಪಾಜಿ... ಒಂದು ಕಾಯಿ ಒಡ್ಕೊಡಿ! ಇದಕ್ಕೆ ಕಾಯಿತುರಿ ಇಲ್ದಿದ್ರೆ ರುಚೀನೇ ಇಲ್ಲ.”